ಟೊಲ್ಲಪ್

ನದಿಮೂಲ ಋಷಿಮೂಲ ಕೆದಕಬಾರದಂತೆ.
ಮಾತಿನ ಮೂಲ ಕೆದಕಲು ನನಗೆ
ವಾರಕ್ಕೆ ಹನ್ನೊಂದು ಪೌಂಡು ಸಂಬಳ,
ಬಸ್ಸಿನ ಖರ್ಚು ಬೇರೆ.

ನಿಘಂಟಿನ ಕಚೇರಿಯ ನೆಲಮಾಳಿಗೆಯಲ್ಲಿ
ಬೂಟಿನ ಪೆಟ್ಟಿಗೆಗಳ ತುಂಬ ಚೀಟಿಗಳು.
'ಬ್ಲೋಕ್' ಅಂದರೆ ಗಂಡಸು, ಯಾವನೋ ಒಬ್ಬ.
ಜಿಪ್ಸಿಗಳ ಬಂಡಿ ಹತ್ತಿ ಬಂದನೋ,
ಐರ್ಲೆಂಡಿನ ಕಲಾಯಿಗಾರರ ಗಂಟಿನೊಳಗೋ,
ಕೇಳಿದರೆ ಹೆಗಲು ಕುಣಿಸುತ್ತಾನೆ.
'ಕೈಬಾಷ್' ಹಾಕಿದರು ಅಂದರೆ ಆಟ ಮುಗಿಸಿದರು.
ಅದು ಸಾವಿನ ಟೋಪಿ ಅನ್ನುತ್ತಾನೆ ಒಬ್ಬ,
ಚಾವಟಿ ಅನ್ನುತ್ತಾನೆ ಇನ್ನೊಬ್ಬ.
ಚೀಟಿಯ ಅಡಿಯಲ್ಲಿ ಹಿಂದಿನವರ ದುಂಡು ಅಕ್ಷರ:
ಮೂಲ ತಿಳಿಯದು.

ಒಂದೊಂದರ ಹತ್ತಿರ ಕಾಗದಪತ್ರ ಇರುತ್ತದೆ, ಇಲ್ಲವೆಂದಲ್ಲ.
'ಡುಲ್ಯಾಲಿ', ತಲೆ ಕೆಟ್ಟವನು:
ದೇವಲಾಲಿಯ ಶಿಬಿರದಲ್ಲಿ
ಊರಿನ ಹಡಗಿಗೆ ಕಾದು ಕಾದು
ಬಿಸಿಲಿಗೆ ಬೆಂದ ಸಿಪಾಯಿಗಳು ಹೊತ್ತು ತಂದದ್ದು.
ಅಂಥ ಚೀಟಿ ಸಿಕ್ಕ ದಿನ
ನಾನು ಮಧ್ಯಾಹ್ನವೇ ಚಹಾಕ್ಕೆ ಏಳುತ್ತೇನೆ.

ಡಿಸೆಂಬರಿನ ಒಂದು ಶನಿವಾರ, ಡೆಪ್ಟ್‌ಫೋರ್ಡ್ ಸಂತೆ.
ದೀಪ ಹಚ್ಚುವ ಹೊತ್ತು.
ಹೆರಾಲ್ಡ್ ಟ್ಯಾಪ್ಸೆಲ್‌ನ ಕಲ್ಲಿನ ಮೇಲೆ
ಉಳಿದದ್ದು ಒಂದೇ ಹ್ಯಾಡಕ್, ಕಣ್ಣು ಮಂಜು.
'ಟೊಲ್ಲಪ್ ಒಯ್ಯುತ್ತೀಯೇನಮ್ಮ? ಅರ್ಧ ಬೆಲೆ.'

ಯಾವ ಪೆಟ್ಟಿಗೆಯಲ್ಲೂ ಇಲ್ಲದ ಮಾತು.
ಪೆನ್ಸಿಲು ಹುಡುಕುವ ಕೈ ಕೈಚೀಲದಲ್ಲೇ ತಡವರಿಸಿತು.

ಟೊಲ್ಲಪ್: ಸಂಜೆಯವರೆಗೂ ಯಾರೂ ಕೊಳ್ಳದ ಮೀನು.
ಪಬ್ಬಿನಲ್ಲಿ ಕೊನೆಯ ಗಂಟೆ ಹೊಡೆದರೂ
ಖಾಲಿ ಲೋಟ ಹಿಡಿದು ಕೂತವನು.
'ಮತ್ತೆ ನಾನು,' ಅಂದಳು ತಂಗಿ ಎಡ್ನಾ, ಬಕೆಟ್ ತೊಳೆಯುತ್ತ.
'ನಲವತ್ತೊಂದಾಯಿತು. ಈ ಬೀದಿಗೆ ನಾನೇ ಟೊಲ್ಲಪ್.
ಬರಕೋ, ಪರವಾಗಿಲ್ಲ.'
ಬರೆದುಕೊಂಡೆ. ತಲೆ ಎತ್ತಲಿಲ್ಲ.

ಎಲ್ಲಿಂದ ಬಂತು?

ಹೆರಾಲ್ಡ್: ಅಪ್ಪ ತಂದದ್ದು, ಮೊದಲ ಯುದ್ಧದಲ್ಲಿ,
ಫ್ರಾನ್ಸಿನ ಕೆಸರಿನಿಂದ, ಬೂಟಿನ ಜೊತೆಗೆ.
ಎಡ್ನಾ: ಅಪ್ಪ ಯುದ್ಧಕ್ಕೇ ಹೋಗಲಿಲ್ಲ. ಪಕ್ಕದಂಗಡಿಯಲ್ಲಿ
ಹಾವುಮೀನು ಮಾರುವ ಡಚ್ಚನೊಬ್ಬನಿದ್ದ, ಅವನ ಬೈಗುಳ.
ಚೂರಿ ಮಸೆಯುವ ಹುಡುಗ ಲೆನ್: ಸುಳ್ಳು,
ಅದು ತಿರುಗುಮುರುಗು ಭಾಷೆ. ಗಿರಾಕಿಗೆ ತಿಳಿಯಬಾರದೆಂದು
'ಬಾಯ್' ತಿರುಗಿಸಿ 'ಯಾಬ್', 'ಪೆನ್ನಿ' ತಿರುಗಿಸಿ 'ಯೆನ್ನೆಪ್'.
ಟೊಲ್ಲಪ್ಪನ್ನೂ ತಿರುಗಿಸಿದೆ: ಪೊಲ್ಲಾಟ್.
ಪೊಲ್ಲಾಕ್ ಎಂಬ ಮೀನೊಂದು ಉಂಟು, ನಿಜ.
ಒಂದೇ ಒಂದು ಅಕ್ಷರ ಒಪ್ಪಲಿಲ್ಲ.

ಚಹಾ ಗಾಡಿಯ ಮಿಸೆಸ್ ಕ್ವಿಲ್ ನಕ್ಕಳು.
'ಅಯ್ಯೋ, ಅದು ನನ್ನ ನಾಯಿಯ ಹೆಸರು ಕಣೇ.
ಬಾಂಬು ಬಿದ್ದ ರಾತ್ರಿ ಎಲ್ಲರೂ ನೆಲದಡಿಗೆ ಓಡಿದರೆ
ಅದೊಂದೇ ಮೇಲೆ ಉಳಿಯಿತು.
ಬೆಳಿಗ್ಗೆ ಹೊಸಿಲ ಮೇಲೆ ಕೂತಿತ್ತು. ಮನೆ ಇರಲಿಲ್ಲ.'
ನಾಯಿಗೆ ಆ ಹೆಸರಿಟ್ಟವರು ಯಾರು?
'ಬರುವಾಗಲೇ ಇತ್ತಲ್ಲ.'

ಹೆತ್ತ ಕೋಣೆಯಲ್ಲಿದ್ದವರೆಲ್ಲ ಬದುಕಿದ್ದಾರೆ,
ಬಿಸಿನೀರು ಕಾಸಿದವಳು, ಹೊಕ್ಕುಳು ಕೊಯ್ದವಳು,
ಬಾಗಿಲಾಚೆ ಸಿಗರೇಟು ಸೇದಿದವನು.
ಮಗುವಿನ ಜಾತಕ ಮಾತ್ರ ನಾಲ್ಕು.
ಮೂಲ ಕಳೆಯುವುದು ಕಾಲದಿಂದ ಎಂದುಕೊಂಡಿದ್ದೆ.
ಕಣ್ಣಾರೆ ಕಂಡವರಿಂದಲೂ ಕಳೆಯುತ್ತದೆ,
ಬಹುಶಃ ಅವರಿಂದಲೇ ಮೊದಲು.

ಸೋಮವಾರ ಸಂಪಾದಕರು ಚೀಟಿ ಮೂಸಿ ನೋಡಿದರು.
'ಒಂದು ಬೀದಿಯ ಮಾತು. ಅಚ್ಚಿನ ಸಾಕ್ಷಿ ಇಲ್ಲ.'
ಕೆಂಪು ಗೆರೆ.
ಚೀಟಿ ನನ್ನ ಕೋಟಿನ ಜೇಬಿಗೆ ಮರಳಿತು.
ಹ್ಯಾಡಕ್ ಬೇಯಿಸಿ ತಿಂದಾಗಿತ್ತು, ಚೆನ್ನಾಗಿಯೇ ಇತ್ತು.

ಮಾರ್ಚಿನಲ್ಲಿ, ಲೂಯಿಷಾಮಿನ ಕೊನೆಯ ಬಸ್ಸು.
ಮೇಲಂತಸ್ತಿನಲ್ಲಿ ನಾನೊಬ್ಬಳೇ.
ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದು
'ಇವತ್ತಿನ ಟೊಲ್ಲಪ್ ನೀವೇನಾ?' ಅಂದ.
ಎದ್ದುಬಿಟ್ಟೆ. ಎಲ್ಲಿ ಕೇಳಿದಿರಿ ಈ ಮಾತು?
ಅವನು ಎದೆ ಸೆಟೆಸಿದ.
'ಕಾರ್ನ್‌ವಾಲಿನದು. ನಮ್ಮ ಮುತ್ತಜ್ಜನ ಕಾಲದ್ದು.
ಲಂಡನ್ನಿನವರಿಗೆ ಎಲ್ಲಿ ಗೊತ್ತಾಗಬೇಕು ಬಿಡಿ.'

ನಾಲ್ಕು ಪೆನ್ನಿ ಕೊಟ್ಟು ಟಿಕೇಟು ತೆಗೆದುಕೊಂಡೆ.
ಅದರ ಬೆನ್ನಿನ ಮೇಲೆ ಬರೆಯಲು ಜಾಗವಿತ್ತು.